ಅಪ್ಪ ಕೊಡಿಸಿದ ಅಂಗಿ

ಕಳೆದ ಶನಿವಾರ ಮೆಲ್ಬರ್ನ್‌ನ ನಮ್ಮ ಬಡಾವಣೆಯ ಮೈದಾನದಲ್ಲಿ ಮಗಳ ಕ್ರಿಕೆಟ್ ಪಂದ್ಯವಿತ್ತು. ಅವಳ ತಂಡದ ಹುಡುಗನೊಬ್ಬನ ಅಪ್ಪ ಅಮ್ಮ ಬೇರೆಯಾಗಿ ಎರಡು ವರ್ಷವಾಗಿದೆ. ಪಂದ್ಯ ಮುಗಿದ ಮೇಲೆ ಅಪ್ಪ ಹುಡುಗನ ಚೀಲವನ್ನು ಅಮ್ಮನ ಕಾರಿನಲ್ಲಿಟ್ಟು, ಜೇಬಿನಿಂದ ಇನ್‌ಹೇಲರ್ ತೆಗೆದು ಅವಳ ಕೈಗೆ ಕೊಟ್ಟ. ಗುರುವಾರ ರಾತ್ರಿ ಎರಡು ಸಲ ಬೇಕಾಯಿತು, ಇವತ್ತು ತುಂಬ ಓಡಿದ್ದಾನೆ, ಮಲಗುವ ಮುಂಚೆ ಒಮ್ಮೆ ನೋಡು ಎಂದ. ಅವಳು ತಲೆಯಾಡಿಸಿದಳು. ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಆದರೂ ನಾನು ಕಾರು ಹತ್ತಿ ಕೂತವನು ಬಹಳ ಹೊತ್ತು ಹೊರಡಲಿಲ್ಲ.

ನನ್ನ ತಂಗಿಯ ಮಗ ನೆನಪಾಗಿದ್ದ. ಆರು ವರ್ಷದ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ ಕುಟುಂಬ ನ್ಯಾಯಾಲಯದಲ್ಲಿ ಅವಳ ಪ್ರಕರಣದ ವಾಯಿದೆ ಇತ್ತು. ಏಳು ವರ್ಷದ ಹುಡುಗ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದ. ಜಗಲಿಯ ಒಂದು ಬೆಂಚಿನಲ್ಲಿ ನಮ್ಮವರು, ಎದುರು ಬೆಂಚಿನಲ್ಲಿ ಅವರ ಕಡೆಯವರು. "ಸಾಹೇಬರು ಯಾರ ಜೊತೆ ಇರುತ್ತೀಯ ಎಂದು ಕೇಳುತ್ತಾರೆ, ಅಮ್ಮ ಅನ್ನು" ಎಂದು ನಮ್ಮ ಚಿಕ್ಕಪ್ಪ ಅವನಿಗೆ ಮೂರು ಸಲ ಹೇಳಿಕೊಟ್ಟರು. ಎದುರಿನಿಂದ ಅವನ ಇನ್ನೊಬ್ಬ ಅಜ್ಜಿ ಕೊಬ್ಬರಿ ಮಿಠಾಯಿಯ ಡಬ್ಬಿ ತೆರೆದು ಕರೆದರು. ಹುಡುಗ ಎದ್ದ, ನಮ್ಮ ಮುಖ ನೋಡಿದ, ಮತ್ತೆ ಕೂತ. ನನ್ನ ಕಿವಿಯ ಹತ್ತಿರ ಬಂದು ಕೇಳಿದ: "ಮಾಮ, ಇಬ್ಬರೂ ಅಂದರೆ ಬೈತಾರಾ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ತಿಂಗಳ ಭೇಟಿಯಲ್ಲಿ ಅವನ ಅಪ್ಪ ಒಂದು ನೀಲಿ ಅಂಗಿ ಕೊಡಿಸಿದ್ದ. ನಮ್ಮ ಮನೆಯಲ್ಲಿ ಅದನ್ನು ಕವರಿನಿಂದ ಹೊರಗೆ ತೆಗೆಯಲೇ ಇಲ್ಲ. ಅದನ್ನು ಹಾಕಿಕೊಂಡರೆ ಹುಡುಗ ಆ ಕಡೆಗೆ ವಾಲುತ್ತಾನೆ ಎಂಬ ಭಯ. ತಪ್ಪು ನಮ್ಮದು, ನನ್ನದೂ ಹೌದು.

ಇಲ್ಲಿನವರು ನಮಗಿಂತ ಒಳ್ಳೆಯವರೆಂದು ನಾನು ನಂಬುವುದಿಲ್ಲ. ಇಲ್ಲಿನ ಕಾನೂನು ಅವರನ್ನು ಕೇಳುವ ಪ್ರಶ್ನೆಯೇ ಬೇರೆ. 1975ರ ಕುಟುಂಬ ಕಾಯ್ದೆ ಬಂದಾಗಿನಿಂದ ತಪ್ಪು ಯಾರದೆಂದು ವಿಚ್ಛೇದನಕ್ಕೆ ಯಾರೂ ಸಾಬೀತು ಮಾಡಬೇಕಿಲ್ಲ. ಹನ್ನೆರಡು ತಿಂಗಳು ಬೇರೆಯಾಗಿದ್ದರೆ ಸಾಕು. ಮಕ್ಕಳ ವಿಷಯಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಮುಂಚೆ, ಹಿಂಸೆಯಂಥ ಕಾರಣವಿಲ್ಲದಿದ್ದರೆ, ಮಧ್ಯಸ್ಥರೆದುರು ಕೂತು ಮಾತಾಡಿ ಪ್ರಮಾಣಪತ್ರ ತರಬೇಕು. ಅಪ್ಪ ಬೇಕೋ ಅಮ್ಮ ಬೇಕೋ ಹೇಳು ಎಂದು ಮಗುವನ್ನು ಒತ್ತಾಯಿಸುವಂತಿಲ್ಲ. ಅದರ ಮನಸ್ಸನ್ನು ತಿಳಿಯಲು ತರಬೇತಾದ ತಜ್ಞರಿದ್ದಾರೆ, ಬೇಕಾದರೆ ಮಗುವಿಗೇ ಒಬ್ಬ ವಕೀಲರನ್ನು ನೇಮಿಸುತ್ತಾರೆ.

ಭಾರತದಲ್ಲೂ ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ದಾರಿಯಿದೆ. ಒಂದು ವರ್ಷ ಬೇರೆಯಾಗಿದ್ದು ಅರ್ಜಿ ಹಾಕಿ, ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನೂ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಒಬ್ಬರು ಒಪ್ಪದಿದ್ದರೆ ಮಾತ್ರ ಕ್ರೌರ್ಯ, ವ್ಯಭಿಚಾರ, ತೊರೆದುಹೋದದ್ದು ಎಂದು ಒಬ್ಬರ ಮೇಲೊಬ್ಬರು ಬರೆದು ಕೊಡಬೇಕು. ಅಂಥ ಮಾತುಗಳನ್ನು ಕಾಗದದ ಮೇಲೆ ಬರೆದವರು ಮರುವಾರ ಇನ್‌ಹೇಲರ್ ಬಗ್ಗೆ ಹೇಗೆ ಮಾತಾಡುತ್ತಾರೆ? 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯಲ್ಲಿ ಮಗುವಿನ ಸಹಜ ಪಾಲಕ ತಂದೆ, "ಆತನ ನಂತರ" ತಾಯಿ ಎಂದೇ ಇದೆ. ಇಬ್ಬರೂ ಸೇರಿ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕೆಂದು ಕಾನೂನು ಆಯೋಗ 2015ರಲ್ಲೇ ವರದಿ ಕೊಟ್ಟಿದೆ. ಕಾಯ್ದೆ ಮಾತ್ರ ಬದಲಾಗಲಿಲ್ಲ. ಮನೆಗಳಲ್ಲಂತೂ ಇನ್ನೂ ಅದೇ ಮಾತು: ಮಗುವಿನ ಮುಖ ನೋಡಿ ಹೊಂದಿಕೊಂಡು ಹೋಗು. ಬೇರೆಯಾದ ಮೇಲೆ ಆ ಮಗುವಿನ ಮುಖವನ್ನು ಯಾರೂ ನೋಡುವುದಿಲ್ಲ.

ಇಷ್ಟು ಬರೆದ ಮೇಲೆ, ಮನಸ್ಸಿಲ್ಲದಿದ್ದರೂ ಇನ್ನೊಂದನ್ನು ಹೇಳಬೇಕು. ಇಲ್ಲೇ ಹತ್ತಿರದಲ್ಲಿ ಹಾಸನದ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡನಿಂದ ಬೇರೆಯಾಗಿ, ಐದು ವರ್ಷದ ಮಗಳೊಂದಿಗೆ ಬಾಡಿಗೆ ಮನೆಯಲ್ಲಿದ್ದಾಳೆ. ಮಗುವಿನ ವಿಷಯದಲ್ಲಿ ನ್ಯಾಯಾಲಯದ ಆದೇಶವಿರುವುದರಿಂದ ತಂದೆಯ ಲಿಖಿತ ಒಪ್ಪಿಗೆಯೋ ನ್ಯಾಯಾಲಯದ ಅನುಮತಿಯೋ ಇಲ್ಲದೆ ಮಗಳನ್ನು ದೇಶದ ಹೊರಗೆ ಕರೆದೊಯ್ಯುವಂತಿಲ್ಲ. ಅಪ್ಪನೋ ಅಮ್ಮನೋ ಬೇರೆ ದೇಶಕ್ಕೆ ಕರೆದೊಯ್ದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ ಆ ತಂದೆಯ ಭಯವೂ ಸುಳ್ಳಲ್ಲ. ಆದರೆ ಕಳೆದ ಚಳಿಗಾಲ ಅವಳಿಗೆ ಜ್ವರ ಬಂದಾಗ ಮಗುವಿಗೆ ಗಂಜಿ ಕಾಯಿಸಿಕೊಡಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ನನ್ನ ತಂಗಿಗೆ ಅಂಥ ಒಂದು ದಿನವೂ ಬರಲಿಲ್ಲ. ಅಮ್ಮ ಇದ್ದರು, ಅತ್ತಿಗೆ ಇದ್ದರು, ಪಕ್ಕದ ಮನೆಯವರೂ ಇದ್ದರು. ಬೆಂಚಿನ ಮೇಲೆ ಹುಡುಗನಿಗೆ ಪಾಠ ಹೇಳಿಕೊಟ್ಟ ಚಿಕ್ಕಪ್ಪನೇ ಅವನನ್ನು ದಿನವೂ ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟುಬಂದವರು.

ಮೊನ್ನೆ ಫೋನಿನಲ್ಲಿ ತಂಗಿ ಹೇಳಿದಳು. ಹಬ್ಬಕ್ಕೆ ಬೀರು ಜಾಡಿಸುವಾಗ ಆ ನೀಲಿ ಅಂಗಿ ಸಿಕ್ಕಿತಂತೆ. ಹುಡುಗನಿಗೀಗ ಹದಿಮೂರು. ಅಂಗಿಯನ್ನು ಎದೆಗೆ ಹಿಡಿದು ಅಳತೆ ನೋಡಿ, ಏನೂ ಹೇಳದೆ ಮಡಚಿ ತನ್ನ ಪುಸ್ತಕಗಳ ಜೊತೆ ಇಟ್ಟುಕೊಂಡನಂತೆ.