ಮದುವೆ ಊಟ ಉಳಿದರೆ 1098ಕ್ಕೆ ಫೋನ್ ಮಾಡಬೇಕಾ?

ಮದುವೆ ಸೀಸನ್ ಬಂತು ಅಂದ್ರೆ ಕೊಪ್ಪಳದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಳೇ ಮೆಸೇಜ್ ಒಂದು ಮತ್ತೆ ಓಡಾಡುತ್ತದೆ: 'ಊಟ ಉಳಿದಿದೆಯಾ? 1098ಕ್ಕೆ ಕರೆ ಮಾಡಿ. ಅವರೇ ಬಂದು ಒಯ್ದು ಹಸಿದ ಮಕ್ಕಳಿಗೆ ಕೊಡ್ತಾರೆ.'

ಇದು ಸುಳ್ಳು. 1098 ಮಕ್ಕಳ ಸಹಾಯವಾಣಿ. ಕಾಣೆಯಾದ ಮಗು, ದುಡಿಮೆಗೆ ಹಚ್ಚಿದ ಮಗು, ಹೊಡೆತ ತಿನ್ನುವ ಮಗು, ಇಂಥ ಕರೆಗಳಿಗಾಗಿ ಹಗಲು ರಾತ್ರಿ ಇರುವ ನಂಬರ್. ಅಲ್ಲಿಂದ ಅನ್ನ ಸಾಗಿಸುವ ಗಾಡಿ ಬರುವುದಿಲ್ಲ. ಸುಮ್ನೆ ಲೈನ್ ಬ್ಯುಸಿ ಆಗುತ್ತದೆ, ಅಷ್ಟೇ. ಮದುವೆ ಮಂಟಪದಿಂದ ಈ ನಂಬರಿಗೆ ಫೋನ್ ಮಾಡಲೇಬೇಕಾದ ಸಂದರ್ಭ ಬೇರೆಯೇ ಇದೆ: ಮದುಮಗಳಿಗೆ 18 ತುಂಬಿರದಿದ್ದರೆ.

ದಾನವಾಗಿ ಬಂದ ಆಹಾರವನ್ನು ಇಲ್ಲದವರಿಗೆ ಹಂಚುವ ಆಹಾರ ಬ್ಯಾಂಕ್‌ಗಳು ಕೆಲಸ ಮಾಡುವ ರೀತಿಯೂ ಬೇರೆ. ಅಕ್ಕಿ, ಬೇಳೆ, ಎಣ್ಣೆಯಂಥ ಕೆಡದ ದಿನಸಿಯೇ ಅಲ್ಲಿ ಜಾಸ್ತಿ. ಅದನ್ನು ಕೂಡಿಟ್ಟು, ಆಯಾ ಊರಿನ ಸಂಸ್ಥೆಗಳ ಮೂಲಕ ಮನೆಗಳಿಗೆ ಮುಟ್ಟಿಸುತ್ತಾರೆ. ಬೇಯಿಸಿದ ಊಟ ಅಷ್ಟು ಹೊತ್ತು ತಡೆಯುವುದಿಲ್ಲ. ನಮ್ಮ ಕಡೆಯ ಮೇ ಬಿಸಿಲಲ್ಲಿ ಮಧ್ಯಾಹ್ನದ ಅನ್ನ ಸಂಜೆಗೆ ಹಳಸುತ್ತದೆ, ಅಲ್ವಾ? ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಾದರೆ ಮರುದಿನ ಕೊಟ್ಟರೂ ನಡೆಯುತ್ತದೆ. ಹುಗ್ಗಿ, ಸಾಂಬಾರ್ ಕೊಡುವುದಿದ್ದರೆ ಎಲೆಗೆ ಬಡಿಸದ್ದನ್ನು, ಬಿಸಿ ಇರುವಾಗಲೇ ಕೊಡಬೇಕು. ಹತ್ತಿರದ ಹಾಸ್ಟೆಲ್, ವೃದ್ಧಾಶ್ರಮದವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೆಚ್ಚುವರಿ ಆಹಾರ ಹಂಚುವುದಕ್ಕೆ ಅಂತಲೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ಮಾಡಿದೆ.

ಇನ್ನು ಮದುವೆ ಊಟ ಒಂದು ಹೊತ್ತಿನದು. ತಿಂಗಳಿಡೀ ತುತ್ತಿಗೆ ಪರದಾಡುವ ಮನೆಗೆ ರೇಷನ್ನೇ ಆಧಾರ. ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕೆಜಿ ಧಾನ್ಯ ಕಾನೂನಿನ ಹಕ್ಕು. ಸಿಗದಿದ್ದರೆ ದೂರಲು ಇರುವ ನಂಬರ್ 1967. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.