ಸತ್ಯಾಂಶ: ಯಾರೂ ನೋಡದ ಜ್ವಾಲಾಮುಖಿ ಸ್ಫೋಟ ಬರೀ ಊಹೆಯೇ?

"ಬರವಣಿಗೆಯೇ ಇಲ್ಲದ ಕಾಲದ ಸ್ಫೋಟ ಯಾರಿಗೆ ಗೊತ್ತು? ವಿಜ್ಞಾನಿಗಳು ಸುಮ್ನೆ ಊಹಿಸುತ್ತಾರೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಸ್ಫೋಟ ತನ್ನ ಗುರುತನ್ನು ನೆಲದಲ್ಲೇ ಬಿಟ್ಟು ಹೋಗುತ್ತದೆ. ಆಕಾಶದಿಂದ ಉದುರಿದ ಬೂದಿ ದಿಬ್ಬ, ತಗ್ಗು ಎನ್ನದೆ ಎಲ್ಲೆಡೆ ಹೊದಿಕೆಯಂತೆ ಕೂರುತ್ತದೆ. ನೆಲಕ್ಕಂಟಿ ನುಗ್ಗಿದ ಬಿಸಿ ಬೂದಿಯ ಪ್ರವಾಹವಾದರೆ ಕಣಿವೆಗಳಲ್ಲೇ ಜಾಸ್ತಿ ತುಂಬಿಕೊಳ್ಳುತ್ತದೆ. ಹೀಗೆ ಎರಡನ್ನೂ ಬೇರೆ ಮಾಡಬಹುದು. ಪದರದ ದಪ್ಪವನ್ನು ನೂರಾರು ಕಡೆ ಅಳೆದು ನಕ್ಷೆ ಬರೆದರೆ, ಎಷ್ಟು ಬೂದಿ ಚಿಮ್ಮಿತು, ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದು ತಿಳಿಯುತ್ತದೆ. ದೂರ ಹೋದಂತೆ ಕಲ್ಲಿನ ಚೂರುಗಳು ಎಷ್ಟು ಸಣ್ಣದಾಗುತ್ತವೆ ಎಂಬುದರಿಂದ ಹೊಗೆಕಂಬದ ಎತ್ತರವನ್ನೂ ಲೆಕ್ಕ ಹಾಕುತ್ತಾರೆ.

ಎರಡು ಪದರಗಳ ನಡುವೆ ಹಳೆಯ ಮಣ್ಣಿದ್ದರೆ, ಪರ್ವತ ಬಹುಕಾಲ ಸುಮ್ಮನಿತ್ತು ಎಂದರ್ಥ. ನನಗೆ ತುಂಬಾ ಇಷ್ಟವಾದ ಸುಳಿವು ಇದು. ಬೂದಿಯಲ್ಲಿ ಸಿಕ್ಕ ಸುಟ್ಟ ಮರದ ಇದ್ದಿಲಿನಲ್ಲಿ ವಿಕಿರಣಶೀಲ ಇಂಗಾಲ ಎಷ್ಟು ಉಳಿದಿದೆ ಎಂದು ಅಳೆದರೆ ಕಾಲವೂ ಗೊತ್ತಾಗುತ್ತದೆ. ಆದರೆ ಈ ಇಂಗಾಲದ ವಿಧಾನ ಸುಮಾರು 50,000 ವರ್ಷಗಳವರೆಗೆ ಮಾತ್ರ.

ಅಮೆರಿಕದ ಆರೆಗಾನ್‌ನ ಮಝಾಮಾ ಪರ್ವತ ಸುಮಾರು 7,700 ವರ್ಷಗಳ ಹಿಂದೆ ಸಿಡಿದು ಕುಸಿಯಿತು. ಆ ಗುಂಡಿಯೇ ಇಂದಿನ ಕ್ರೇಟರ್ ಲೇಕ್. ಅದರ ಬೂದಿ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲೂ ಸಿಕ್ಕಿದೆ. ಬೂದಿಯೊಳಗಿನ ಗಾಜಿನ ಕಣಗಳ ರಾಸಾಯನಿಕ ಗುಣ ಹೊಂದಿಕೆಯಾಗಿದ್ದರಿಂದಲೇ ಅದು ಮಝಾಮಾದ್ದು ಎಂದು ತಿಳಿದದ್ದು.