ಊರ ಹಳೆ ಫೈರ್ ಗಾಡಿ: ಹೊಸದು ಬೇಕಾ, ಬೇಡವಾ?

ಅಫಜಲಪುರ ತಾಲೂಕಿನ ನಮ್ಮೂರಲ್ಲಿ ಬೆಂಕಿ ಬಿದ್ದರೆ ಮೊದಲು ಓಡುವವರು ಊರ ಹುಡುಗರು. ಸಂಬಳವಿಲ್ಲ, ಯೂನಿಫಾರ್ಮ್ ಇಲ್ಲ. ಇರುವುದು ಒಂದು ಹಳೆ ಲಾರಿ, ಅದರ ಮೇಲೆ 4,500 ಲೀಟರ್ ಟ್ಯಾಂಕು, ಒಂದು ಪಂಪು. ಗಾಡಿಗೆ 20 ವರ್ಷ ದಾಟಿದೆ. ಅದನ್ನು ಬದಲಿಸುವ ವಿಷಯದಲ್ಲಿ ನನಗೂ ನಮ್ಮ ಕಾಕಾನಿಗೂ ವಾರದಿಂದ ಜಗಳ. ಪರ ನನ್ನದು. ವಿರೋಧ ಕಾಕಾನದು, ಅವರು ಹೇಳಿದಂತೆ ನಾನು ಬರೆದುಕೊಂಡಿದ್ದೇನೆ.

ಪರ: ಬದಲಿಸಲೇಬೇಕು

"ಗಾಡಿ ಜಾಸ್ತಿ ಓಡೇ ಇಲ್ಲ, ಇನ್ನೂ ಗಟ್ಟಿ ಇದೆ" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಫೈರ್ ಗಾಡಿ ಹಾಳಾಗುವುದೇ ನಿಂತು ನಿಂತು. ಟೈರಿನ ಬಟನ್ನು ಸವೆದಿಲ್ಲ ನಿಜ, ಬದಿಯಲ್ಲಿ ಮಾತ್ರ ಉದ್ದಕ್ಕೂ ಸೀಳು ಬಿಟ್ಟಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹೋಗಿ ಓದಿ, ಗಾಬರಿಯಾಗುತ್ತದೆ. ಕಲಬುರಗಿ ಬಿಸಿಲಿಗೆ ರಬ್ಬರು ಎಷ್ಟು ವರ್ಷ ತಡೆದೀತು? ಬ್ರೇಕಿನ ಪೈಪಿನಲ್ಲೂ ಪಂಪಿನ ಸೀಲಿನಲ್ಲೂ ಇರುವುದು ಅದೇ ರಬ್ಬರು. ಅದರ ಮೇಲೆ ನಾಲ್ಕೂವರೆ ಟನ್ ನೀರು, ಅದರ ಮೇಲೆ ನಮ್ಮ ಮಕ್ಕಳು.

ಹೋದ ಬೇಸಿಗೆಯಲ್ಲಿ ಕಬ್ಬಿಗೆ ಬೆಂಕಿ ಬಿದ್ದಾಗ ಏನಾಯಿತು ಅಂತ ನೆನಪಿದೆಯಲ್ಲ. ಪಂಪು ತಿರುಗುವುದು ಲಾರಿಯ ಎಂಜಿನ್ನಿನಿಂದಲೇ. ಎಂಜಿನ್ ಬಂದ್ ಆಯಿತು, ನೀರೂ ನಿಂತಿತು. ಬೆಂಕಿಯ ಎದುರು ನಿಂತಿದ್ದ ಹುಡುಗನ ಕೈಯಲ್ಲೇ ಪೈಪು ಮೆತ್ತಗಾಯಿತು. ಒಣಗಿದ ರವದಿ, ಜೋರು ಗಾಳಿ. ಅವನು ಪೈಪು ಬಿಸಾಕಿ ಓಡಿದ್ದಕ್ಕೆ ಉಳಿದ.

ಅಮೆರಿಕದಲ್ಲಿ ಹಳ್ಳಿಗಳ ಬೆಂಕಿ ಆರಿಸುವವರು ಹೆಚ್ಚಾಗಿ ನಮ್ಮ ಹುಡುಗರಂತೆ ಸ್ವಯಂಸೇವಕರೇ. ಬೆಂಕಿ ಸುರಕ್ಷತೆಗೆ ಮಾನದಂಡ ಮಾಡುವ ಅಲ್ಲಿನ ಸಂಸ್ಥೆ ಎನ್‌ಎಫ್‌ಪಿಎ. ಅದರ ಸಲಹೆ ಏನೆಂದರೆ, 15 ವರ್ಷ ದಾಟಿದ ಗಾಡಿಯನ್ನು ಮೀಸಲಿಗೆ ಇಡಿ, 25 ದಾಟಿದರೆ ಕೈಬಿಡಿ. ನಮ್ಮಲ್ಲೂ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಿಸುವುದು ನಿಂತಿದೆ. ಸರ್ಕಾರ ತನಗೇ ಬೇಡ ಅಂದಷ್ಟು ಹಳೆಯ ಗಾಡಿಯಲ್ಲಿ ನಾವು ಮಕ್ಕಳನ್ನು ಬೆಂಕಿಗೆ ಕಳಿಸುತ್ತಿದ್ದೇವೆ. ದುಡ್ಡಿನ ಮಾತಾ? ಜಾತ್ರೆಗೆ ಪಟ್ಟಿ ಎತ್ತುವ ಊರು ಇದಕ್ಕೂ ಎತ್ತಲಿ. ಉಳಿದದ್ದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲು ತಟ್ಟೋಣ.

ವಿರೋಧ: ಇನ್ನೊಂದು ದೊಡ್ಡ ಗಾಡಿ ಬೇಡ

ಆ ಗಾಡಿ ಇನ್ನು ರಸ್ತೆಗೆ ಇಳಿಯಬಾರದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಜಾಗಕ್ಕೆ ಅಂಥದ್ದೇ ಯಾಕೆ? ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಆ ಟ್ಯಾಂಕು ಬರುವುದು ಹತ್ತೇ ನಿಮಿಷ. ಆಮೇಲೆ? ಬೇಸಿಗೆಯಲ್ಲಿ ಬೋರು ಬತ್ತಿರುತ್ತವೆ. ಭೀಮಾ ನದಿಗೆ ಹೋಗಿ ತುಂಬಿಸಿಕೊಂಡು ಬರುವಷ್ಟರಲ್ಲಿ ಕಣಿಕೆ ಬಣವೆ ಬೂದಿಯಾಗಿರುತ್ತದೆ. ನಮ್ಮದು ಎರೆ ಹೊಲ, ಬಂಡಿ ದಾರಿ. ಒಂದು ಮಳೆ ಬಿದ್ದರೆ ಸಾಕು, ದೊಡ್ಡ ಗಾಡಿ ಹೂತು ಕೂರುತ್ತದೆ.

ಮದುವೆಗೆ, ಮನೆ ಕಟ್ಟುವುದಕ್ಕೆ ನೀರು ಹೊಡೆಯುವ ಟ್ರ್ಯಾಕ್ಟರ್ ಟ್ಯಾಂಕರ್ ಊರಲ್ಲೇ ನಾಲ್ಕಿವೆ. ಎರಡಕ್ಕೆ ಒಳ್ಳೆ ಪಂಪು, ಪೈಪು ಕೂಡಿಸಿ. ಪಂಪಿಗೆ ಅದರದ್ದೇ ಎಂಜಿನ್ ಇರಲಿ, ಆಗ ಟ್ರ್ಯಾಕ್ಟರ್ ನಿಂತರೂ ನೀರು ನಿಲ್ಲುವುದಿಲ್ಲ. ಒಂದು ಖಾಲಿಯಾದರೆ ಇನ್ನೊಂದು ತುಂಬಿಕೊಂಡು ಬರುತ್ತದೆ. ದಿನಾ ಓಡುವ ಟ್ರ್ಯಾಕ್ಟರ್ ನಡುರಾತ್ರಿಯೂ ಚಾಲೂ ಆಗುತ್ತದೆ, ಅಲ್ವಾ? ಕೆಟ್ಟರೆ ರಿಪೇರಿ ಮಾಡುವವನು ಊರಲ್ಲೇ ಇದ್ದಾನೆ.

ದೊಡ್ಡ ಗಾಡಿಗೆ ಇನ್ಶೂರೆನ್ಸ್, ಫಿಟ್‌ನೆಸ್, ಹೆವಿ ಲೈಸೆನ್ಸಿನ ಡ್ರೈವರ್ ಬೇಕು. ಸುಗ್ಗಿ ಮುಗಿದ ಮೇಲೆ ಅರ್ಧ ಹುಡುಗರು ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಬೆಂಕಿ ಬೀಳುವುದೂ ಆವಾಗಲೇ. ಲೈಸೆನ್ಸ್ ಇರುವ ಇಬ್ಬರೂ ಹೋದರೆ ಹೊಸ ಗಾಡಿ ಸುಮ್ನೆ ಶೆಡ್ಡಿನಲ್ಲಿ ನಿಂತು ಹಳೇದಾಗುತ್ತದೆ.

ಮತ್ತೆ, ದೊಡ್ಡ ಗಾಡಿ ಕೊಡುವುದು ಸರ್ಕಾರದ ಕೆಲಸ. ನಾವೇ ತಂದುಕೊಂಡರೆ ನಾಳೆ ಅಗ್ನಿಶಾಮಕ ಠಾಣೆ ಕೇಳಲು ಹೋದಾಗ "ನಿಮ್ಮೂರಲ್ಲಿ ಇದೆಯಲ್ಲ" ಅನ್ನುತ್ತಾರೆ. 112ಕ್ಕೆ ಫೋನ್ ಮಾಡಿ, ಇಲಾಖೆಯ ಗಾಡಿ ಬರುವವರೆಗೆ ಬೆಂಕಿ ಪಕ್ಕದ ಹೊಲಕ್ಕೆ ಹತ್ತದಂತೆ ತಡೆಯುವುದು, ಬಣವೆ, ತೊಗರಿ ಕಟ್ಟಿಗೆ ಮನೆಯಿಂದ ದೂರ ಒಟ್ಟುವುದು, ಹೊಲದ ಮೇಲೆ ಜೋತುಬಿದ್ದ ತಂತಿ ಬಿಗಿ ಮಾಡಿಸುವುದು, ಇಷ್ಟು ನಮ್ಮ ಕೈಲಿದೆ. ಪಟ್ಟಿ ಎತ್ತುವುದಾದರೆ ಎರಡು ಪಂಪಿಗೆ ಎತ್ತು. ಮೊದಲು ನನ್ನ ಹೆಸರಿಗೆ ಐದು ಸಾವಿರ ಬರೆದುಕೋ.